ಡೇಸಿ ಲೋಕದ ದೃಷ್ಟಾಂತ

ಗಣಿತ ಸಮೀಕರಣಗಳಿಂದ ತುಂಬಿದ ಪ್ರಬಂಧವನ್ನು ಕರ್ತೃಗಳೇ 'ದೃಷ್ಟಾಂತ ಕಥೆ' ಎಂದು ಕರೆದುಕೊಳ್ಳುವುದು ಅಪರೂಪ. ಆಂಡ್ರ್ಯೂ ವಾಟ್ಸನ್ ಮತ್ತು ಜೇಮ್ಸ್ ಲವ್‌ಲಾಕ್ 1983ರಲ್ಲಿ 'ಟೆಲ್ಲಸ್' ಪತ್ರಿಕೆಯಲ್ಲಿ ಪ್ರಕಟಿಸಿದ 'ಡೇಸಿ ಲೋಕ'ದ ಪ್ರಬಂಧ ಅಂಥದ್ದು. ಅದನ್ನು ಉದ್ಧರಿಸುವವರು ಬಹುಮಟ್ಟಿಗೆ ಆ ಹೆಸರನ್ನೇ ಮರೆಯುತ್ತಾರೆಂಬುದು ನಮ್ಮ ತಕರಾರು.

ಭೂಮಿಯ ಜೀವರಾಶಿ ತನ್ನ ಹವೆಯನ್ನು ತಾನೇ ಹದದಲ್ಲಿರಿಸಿಕೊಳ್ಳುತ್ತದೆಂಬ 'ಗಾಯಾ' ವಾದವನ್ನು ಲವ್‌ಲಾಕ್ 1979ರ ತಮ್ಮ ಪುಸ್ತಕದಲ್ಲಿ ಜನರ ಮುಂದಿಟ್ಟಿದ್ದರು. ಗಿಡಮರ, ಕ್ರಿಮಿಕೀಟಗಳೇನು ಸಭೆ ಸೇರಿ ನಿರ್ಣಯ ಮಾಡುತ್ತವೆಯೆ ಎಂಬ ಧಾಟಿಯಲ್ಲಿ ಫೋರ್ಡ್ ಡೂಲಿಟ್ಲ್, ರಿಚರ್ಡ್ ಡಾಕಿನ್ಸ್ ಮೊದಲಾದವರು ಆಕ್ಷೇಪಿಸಿದರು. ಉತ್ತರವಾಗಿ ಬಂದದ್ದು ಈ ಕಲ್ಪಿತ ಗ್ರಹ.

ಅಲ್ಲಿರುವುದು ಎರಡೇ ಸಸ್ಯ: ಕರಿಯ ಡೇಸಿ, ಬಿಳಿಯ ಡೇಸಿ. (ಡೇಸಿಯೆಂದರೆ ನಮ್ಮ ಸೇವಂತಿಗೆಯ ಬಳಗದ ಹೂ.) ಬಿದ್ದ ಬೆಳಕಿನಲ್ಲಿ ಕರಿಯದು ಶೇಕಡಾ 25, ಬರಿನೆಲ 50, ಬಿಳಿಯದು 75 ಭಾಗವನ್ನು ಪ್ರತಿಫಲಿಸುತ್ತದೆ. ಎರಡಕ್ಕೂ 22.5 ಡಿಗ್ರಿ ಸೆಲ್ಸಿಯಸ್ ಅತ್ಯಂತ ಹಿತ. ಸೂರ್ಯ ಮಂಕಾಗಿದ್ದಾಗ ಶಾಖ ಹೀರುವ ಕರಿಯ ಹೂಗಳು ಹಬ್ಬಿ ಗ್ರಹವನ್ನು ಬೆಚ್ಚಗಾಗಿಸುತ್ತವೆ. ಬಿಸಿಲು ಪ್ರಖರವಾದಂತೆ ಬಿಳಿಯವು ಮೇಲುಗೈ ಪಡೆದು ತಂಪು ಮಾಡುತ್ತವೆ. ಸೋಜಿಗವೆಂದರೆ, ಎರಡೂ ಕೂಡಿ ಬಾಳುವಷ್ಟು ಕಾಲ ಬಿಸಿಲೇರಿದರೂ ಉಷ್ಣತೆ ತುಸು ಇಳಿಯುತ್ತದೆ! ಯಾರ ಸಂಕಲ್ಪವೂ ಇಲ್ಲದೆ ಹದ ಸಾಧ್ಯವೆಂದು ತೋರಿಸಿಕೊಟ್ಟ ಈ ಜಾಣ್ಮೆಯನ್ನು ನಾವು ಮೆಚ್ಚಲೇಬೇಕು.

ಆದರೆ ಒಂದು ಹೂವಿಗೆ ಹಿತವಾದದ್ದು ಇಡೀ ಗ್ರಹಕ್ಕೂ ಹಿತವೆಂಬುದನ್ನು ಕರ್ತೃಗಳು ಲೆಕ್ಕದೊಳಗೆ ಮೊದಲೇ ಸೇರಿಸಿಟ್ಟಿದ್ದಾರೆ. ನಮ್ಮ ಭೂಮಿಯ ಚರಿತ್ರೆ ಅಷ್ಟು ಸಲೀಸಲ್ಲ. ಸುಮಾರು 240 ಕೋಟಿ ವರ್ಷಗಳ ಹಿಂದೆ ಸಯನೋಬ್ಯಾಕ್ಟೀರಿಯಾಗಳು ಬಿಟ್ಟ ಆಮ್ಲಜನಕ ವಾತಾವರಣದಲ್ಲಿ ನೆಲೆಯೂರಿದಾಗ, ಅದನ್ನು ಸಹಿಸದ ಜೀವಿಗಳಿಗೆ ಅದು ವಿಷವೇ ಆಗಿತ್ತು. ಆ 22.5 ಡಿಗ್ರಿಯೂ ಶಿಲಾಶಾಸನವೇನಲ್ಲ. 1998ರಲ್ಲಿ ರಾಬರ್ಟ್‌ಸನ್ ಮತ್ತು ರಾಬಿನ್ಸನ್ ಹೂಗಳನ್ನು ಬಂದ ಉಷ್ಣತೆಗೆ ಒಗ್ಗಿಕೊಳ್ಳಲು ಬಿಟ್ಟರು. ಹದ ಕಾಯುವ ಗುಣವೇ ಕುಸಿಯಿತು. ಒಗ್ಗುವಿಕೆಗೂ ಮಿತಿಯುಂಟೆಂದು 2000ದಲ್ಲಿ ಟಿಮ್ ಲೆಂಟನ್ ಮತ್ತು ಲವ್‌ಲಾಕ್ ಉತ್ತರಿಸಿದರು. ಸಮಂಜಸವೇ. ಆದರೆ ಆ ಮಿತಿ ಎಷ್ಟೆಂಬುದನ್ನು ಸಮೀಕರಣ ಹೇಳದು. ನಿಜವಾದ ಜೀವಿಗಳನ್ನು ಕೇಳಬೇಕು.

ಭೂಮಿ ತಾನಾಗಿ ಸರಿಹೋಗುತ್ತದೆ, ಹೊಗೆಯ ಚಿಂತೆ ನಮಗೇಕೆ ಎನ್ನುವವರು ಈ ಕಥೆಯ ಉತ್ತರಾರ್ಧವನ್ನು ಓದಿರಲಾರರು. ಬಿಸಿಲು ಒಂದು ಮಿತಿ ದಾಟಿದೊಡನೆ ಬಿಳಿಯ ಹೂಗಳು ಒಮ್ಮೆಲೇ ಅಳಿಯುತ್ತವೆ, ಉಷ್ಣತೆ ಜಿಗಿಯುತ್ತದೆ. ಬಿಸಿಲು ಮರಳಿ ಆ ಮಿತಿಗೆ ಇಳಿದರೂ ಹೂ ಚಿಗುರದು. ಸೂರ್ಯ ಇನ್ನೂ ಬಹಳ ಮಂಕಾಗುವವರೆಗೆ ಅಲ್ಲಿ ಬರಿನೆಲವೇ.