ಗೇರ್ ಬಾಕ್ಸ್ ಸೋರಿದರೆ ಮೊದಲು ಮೂಲ ಹುಡುಕಿ

ಹಳೆಯ ಕಾರಿನ ಆರೋಗ್ಯ ತಿಳಿಯಬೇಕಾದರೆ ಬಾನೆಟ್ ಎತ್ತುವ ಮೊದಲು ಅದು ರಾತ್ರಿಯಿಡೀ ನಿಂತಿದ್ದ ನೆಲವನ್ನು ನೋಡಬೇಕು. ಅಲ್ಲಿ ಎಣ್ಣೆ ಕಲೆ ಕಂಡಾಗ ಕೆಲವರು ‘ಹಳೇ ಗಾಡಿ ಅಂದ್ಮೇಲೆ ಸೋರುತ್ತೆ ಬಿಡಿ’ ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ನೇರ ಗ್ಯಾರೇಜಿಗೆ ಒಯ್ದು ‘ಆಯಿಲ್ ಸೀಲ್ ಬದಲಾಯಿಸಿಬಿಡಿ’ ಎನ್ನುತ್ತಾರೆ. ಸುಮ್ಮನಿದ್ದವರ ಗೇರ್ ಬಾಕ್ಸ್ ಒಂದು ದಿನ ಎಣ್ಣೆಯಿಲ್ಲದೆ ಸವೆಯುತ್ತದೆ. ಅವಸರಪಟ್ಟವರ ಹೊಸ ಸೀಲ್ ಕೆಲವೇ ತಿಂಗಳಲ್ಲಿ ಮತ್ತೆ ಸೋರುತ್ತದೆ. ಸೀಲ್ ತಾನಾಗಿ ಕೆಡುವುದು ಕಡಿಮೆ, ಅದನ್ನು ಕೆಡಿಸುವ ಕಾರಣ ಪಕ್ಕದಲ್ಲೇ ಎಲ್ಲೋ ಇರುತ್ತದೆ.

ಈ ವಾರ ಉದಾಹರಣೆಗೆ ಮಾರಿಸ್ ಮೈನರನ್ನು ತೆಗೆದುಕೊಳ್ಳೋಣ. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಕಾರು 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಹೊರಬಂತು. ಹತ್ತು ಲಕ್ಷ ತಯಾರಾದ ಮೊದಲ ಬ್ರಿಟಿಷ್ ಕಾರು ಇದೇ. ನಮ್ಮಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಇದನ್ನು ‘ಬೇಬಿ ಹಿಂದೂಸ್ತಾನ್’ ಎಂಬ ಹೆಸರಿನಲ್ಲಿ ಕಟ್ಟಿತು. 1956ರಲ್ಲಿ ಬಂದ ಮೈನರ್ 1000 ಮಾದರಿಯ ಗೇರ್ ಬಾಕ್ಸಿಗೆ ಹಿಡಿಯುವುದು ಸುಮಾರು 1.3 ಲೀಟರ್ ಎಣ್ಣೆ ಮಾತ್ರ. ಇಷ್ಟು ಕಡಿಮೆ ಇರುವಲ್ಲಿ ದಿನಕ್ಕೆ ನಾಲ್ಕು ತೊಟ್ಟು ಹೋದರೂ ಲೆಕ್ಕಕ್ಕೆ ಬರುತ್ತದೆ.

ಮೊದಲ ಕೆಲಸ, ಸೋರಿದ್ದು ಯಾವ ಎಣ್ಣೆ ಎಂದು ಗುರುತಿಸುವುದು. ರಾತ್ರಿ ಕಾರಿನಡಿ ಒಂದು ಬಿಳಿ ರಟ್ಟು ಹಾಸಿ, ಬೆಳಿಗ್ಗೆ ಬೆರಳಿಗೆ ಹಚ್ಚಿ ನೋಡಿ. ಮೈನರಿನ ಎಂಜಿನ್ನಿಗೂ ಗೇರ್ ಬಾಕ್ಸಿಗೂ ಒಂದೇ ಜಾತಿಯ ಎಂಜಿನ್ ಆಯಿಲ್ ಹಾಕುತ್ತಾರೆ. ಆದರೆ ಎಂಜಿನ್ನಿನಲ್ಲಿ ಓಡಿದ ಎಣ್ಣೆಗೆ ಮಸಿ ಸೇರಿ ಅದು ಕಪ್ಪಾಗುತ್ತದೆ. ಗೇರ್ ಬಾಕ್ಸಿನದು ಮಂಕಾದರೂ ಜೇನಿನ ಬಣ್ಣ ಬಿಡುವುದಿಲ್ಲ. ಗಂಧಕದ ಘಾಟು ಹೊಡೆದರೆ ಅದು ಹಿಂದಿನ ಆಕ್ಸಲಿನ ಗೇರ್ ಆಯಿಲ್. ನೀರಿನಂತೆ ತೆಳ್ಳಗಿದ್ದು ಬೆರಳ ನಡುವೆ ಜಾರಿದರೆ ಬ್ರೇಕ್ ಆಯಿಲ್ ಇರಬಹುದು. ಆಗ ಗೇರ್ ಬಾಕ್ಸ್ ಮರೆತು ಮೊದಲು ಬ್ರೇಕ್ ನೋಡಿ.

ಗೇರ್ ಬಾಕ್ಸಿನದೇ ಎಂದು ಖಾತ್ರಿಯಾದ ಮೇಲೆ ಜಾಗ ಹುಡುಕಬೇಕು. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುವುದರಿಂದ ತೊಟ್ಟಿಕ್ಕುವ ಜಾಗ ಒಂದಾದರೆ ಸೋರುವ ಜಾಗ ಇನ್ನೊಂದು. ಕಾರನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ (ಬರೀ ಜಾಕ್ ನಂಬಿ ಯಾವತ್ತೂ ಅಡಿಗೆ ಹೋಗಬೇಡಿ) ಗೇರ್ ಬಾಕ್ಸಿನ ಮೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ. ಸ್ವಲ್ಪ ದೂರ ಓಡಿಸಿ ಬಂದು ನೋಡಿದರೆ, ಬಿಳಿ ಪುಡಿಯ ಮೇಲೆ ಎಣ್ಣೆ ಹರಿದ ಗೆರೆ ಎಲ್ಲಿಂದ ಶುರುವಾಗಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಸ್ಪೀಡೋಮೀಟರ್ ಕೇಬಲ್ ಸೇರುವ ಜಾಗವನ್ನೂ ಬಿಡದೆ ಪರೀಕ್ಷಿಸಿ. ಅಲ್ಲಿ ಸೋರಿದ್ದು ಕೆಳಗಿಳಿದು, ಹಿಂದಿನ ಸೀಲಿನ ಮೇಲೆ ಸುಳ್ಳು ಆರೋಪ ಹೊರಿಸುವುದು ಬಹಳ.

ಮುಂಭಾಗದ ಕಥೆ ಬೇರೆ. ಕ್ಲಚ್ಚಿನ ಕಡೆಗೆ ಹೋಗುವ ಶಾಫ್ಟಿಗೆ ಇಲ್ಲಿ ರಬ್ಬರ್ ಸೀಲ್ ಇಲ್ಲ. ಬದಲಿಗೆ ಸ್ಕ್ರೂವಿನಂಥ ಸುರುಳಿ ಗೆರೆಯೊಂದಿದೆ. ಶಾಫ್ಟ್ ತಿರುಗುವಾಗ ಆಚೆ ಬಂದ ಎಣ್ಣೆಯನ್ನು ಆ ಗೆರೆ ಒಳಕ್ಕೆ ತಿರುಗಿಸಿ ಕಳಿಸುತ್ತದೆ. ತಿರುಗುವವರೆಗೆ ಮಾತ್ರ ಅದರ ಕೆಲಸ. ಕಾರನ್ನು ಇಳಿಜಾರಿನಲ್ಲಿ ಮೂತಿ ಕೆಳಗಾಗಿ ನಿಲ್ಲಿಸಿದರೆ ಎಣ್ಣೆ ಅದನ್ನು ದಾಟಿ ಬರಬಹುದು. ಕ್ಲಚ್ಚನ್ನು ಸುತ್ತುವರಿದ ಬೆಲ್ ಹೌಸಿಂಗಿನ ತಳದ ರಂಧ್ರದಲ್ಲಿ ಒಂದು ಸ್ಪ್ಲಿಟ್ ಪಿನ್ ಸಡಿಲವಾಗಿ ನೇತಾಡುತ್ತಿರುತ್ತದೆ. ಅದು ಅಲುಗಾಡುತ್ತಾ ರಂಧ್ರ ಕಟ್ಟದಂತೆ ನೋಡಿಕೊಳ್ಳುತ್ತದೆ. ಸೋರಿಕೆ ನಿಲ್ಲಿಸುತ್ತೇನೆಂದು ಆ ರಂಧ್ರ ಮುಚ್ಚಿದರೆ ಎಣ್ಣೆ ಒಳಗೇ ನಿಂತು ಕ್ಲಚ್ ಪ್ಲೇಟಿಗೆ ತಗಲುತ್ತದೆ. ಅಲ್ಲೊಂದು ತೊಟ್ಟು ಬೀಳುವುದನ್ನು ಆ ಕಾಲದ ಎಂಜಿನಿಯರುಗಳು ತಿಳಿದೇ ಬಿಟ್ಟಿದ್ದರು. ಹೆಚ್ಚಾದರೆ ಮಾತ್ರ ಗೇರ್ ಬಾಕ್ಸ್ ಇಳಿಸಿ.

ನಿಜವಾಗಿ ದುರಸ್ತಿ ಬೇಡುವುದು ಹೆಚ್ಚಾಗಿ ಬಾಲದ ಸೀಲ್. ಮೊದಲು ಎಣ್ಣೆ ಖಾಲಿ ಮಾಡಿ. ಇಲ್ಲದಿದ್ದರೆ ಪ್ರೊಪೆಲರ್ ಶಾಫ್ಟ್ ಎಳೆದ ಕೂಡಲೇ ಅದೆಲ್ಲ ನಿಮ್ಮ ಮೇಲೇ ಸುರಿಯುತ್ತದೆ. ಆಕ್ಸಲ್ ಕಡೆಯ ಎರಡು ಫ್ಲ್ಯಾಂಜುಗಳಿಗೂ ಬಣ್ಣದ ಗುರುತು ಹಾಕಿ ಬೋಲ್ಟ್ ಬಿಚ್ಚಿ. ಮತ್ತೆ ಅದೇ ಸ್ಥಾನದಲ್ಲಿ ಕೂರಿಸಿದರೆ ಶಾಫ್ಟ್ ಅದುರುವುದಿಲ್ಲ. ಗೇರ್ ಬಾಕ್ಸಿನಿಂದ ಹೊರಬಂದ ಶಾಫ್ಟಿನ ಮುಂತುದಿಯನ್ನು, ಅಂದರೆ ಯೋಕನ್ನು, ಚೆನ್ನಾಗಿ ಒರೆಸಿ, ಸೀಲ್ ಉಜ್ಜುತ್ತಿದ್ದ ಜಾಗದ ಮೇಲೆ ಉದ್ದಕ್ಕೆ ಉಗುರು ಎಳೆಯಿರಿ. ಉಗುರು ಎಲ್ಲಾದರೂ ತಡೆದು ನಿಂತರೆ ಅಲ್ಲಿ ಗೆರೆ ಕೊರೆದಿದೆ ಎಂದರ್ಥ. ರಬ್ಬರು ಉಕ್ಕನ್ನು ಸವೆಸೀತೇ ಎನ್ನಬೇಡಿ. ಸೀಲಿನ ತುಟಿಗೆ ಅಂಟಿದ ರಸ್ತೆಯ ದೂಳು ವರ್ಷಗಟ್ಟಲೆ ಅರ ಹಾಕಿದಂತೆ ಉಜ್ಜಿರುತ್ತದೆ. ಇದಕ್ಕೆ ಕಾಲು ಮಿಲಿಮೀಟರಿನಷ್ಟು ತೆಳುವಾದ ಸ್ಟೀಲ್ ತೋಳು ತೊಡಿಸಬಹುದು, ಅಥವಾ ಹಾರ್ಡ್ ಕ್ರೋಮ್ ಕೊಡಿಸಿ ಗ್ರೈಂಡ್ ಮಾಡಿಸಬಹುದು.

ಇನ್ನೊಂದು ಪರೀಕ್ಷೆ, ಬಾಲದೊಳಗೆ ಯೋಕನ್ನು ಹಿಡಿದಿರುವ ಬುಶ್ಶಿನದು. ಯೋಕನ್ನು ಮತ್ತೆ ಒಳಗಿಟ್ಟು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಆಟ ಸಿಕ್ಕರೆ ಬುಶ್ ಸವೆದಿದೆ. ಶಾಫ್ಟ್ ಹೀಗೆ ಕುಣಿಯುವಾಗ ಯಾವ ಸೀಲಿನ ತುಟಿಯೂ ಅದನ್ನು ಹಿಂಬಾಲಿಸಲಾರದು. ಬುಶ್ ಬದಲಿಸಿ, ಅಳತೆಗೆ ರೀಮ್ ಮಾಡಿಸಿ, ಆಮೇಲೆ ಸೀಲ್. ತುಟಿ ಎಣ್ಣೆಯ ಕಡೆಗಿರಲಿ. ತುಟಿಗೆ ಎಣ್ಣೆ ಸವರಿ, ಸೀಲಿನಷ್ಟೇ ಅಗಲದ ಕೊಳವೆಯಿಟ್ಟು ಸುತ್ತಲೂ ಸಮನಾಗಿ ಒತ್ತಿ ಕೂರಿಸಬೇಕು. ಒಂದೇ ಬದಿಗೆ ಸುತ್ತಿಗೆ ಹೊಡೆದರೆ ಹೊಸ ಸೀಲ್ ಅಲ್ಲೇ ಸೊಟ್ಟಗಾಗುತ್ತದೆ.

ಎಣ್ಣೆಯ ವಿಚಾರದಲ್ಲೂ ಅಡ್ಡದಾರಿ ಬೇಡ. ಗಟ್ಟಿ ಎಣ್ಣೆ ಹಾಕಿದರೆ ಸೋರುವುದು ನಿಲ್ಲುತ್ತದೆಂದು ಗೇರ್ ಬಾಕ್ಸಿಗೆ ಜಿಎಲ್-5 ದರ್ಜೆಯ 90 ಆಯಿಲ್ ಸುರಿಯುವುದುಂಟು. ಅದರಲ್ಲಿರುವ ಗಂಧಕ-ರಂಜಕದ ಸೇರ್ಪಡೆಗಳು ಹಳೆಯ ಗೇರ್ ಬಾಕ್ಸಿನ ಹಿತ್ತಾಳೆ, ಕಂಚಿನ ಭಾಗಗಳನ್ನು ತಿನ್ನಬಹುದು. ‘ಸ್ಟಾಪ್ ಲೀಕ್’ ದ್ರವ ರಬ್ಬರನ್ನು ಉಬ್ಬಿಸುತ್ತದೆ, ಅಷ್ಟೇ. ಕೊರೆದ ಗೆರೆಯನ್ನು ಅದು ತುಂಬಲಾರದು. ತಯಾರಕರು ಹೇಳಿದ ಎಣ್ಣೆಯನ್ನೇ, ಸಮತಟ್ಟು ನೆಲದಲ್ಲಿ, ಬದಿಯ ಪ್ಲಗ್ಗಿನ ಮಟ್ಟಕ್ಕೆ ಹಾಕಿ. ಹೆಚ್ಚು ತುಂಬಿದರೂ ಹೊರಗೆ ಬರುತ್ತದೆ.

ಕಾರನ್ನು ತಿಂಗಳುಗಟ್ಟಲೆ ಹೊದಿಕೆಯಡಿ ಇಡುವವರಿಗೆ ಒಂದು ಮಾತು. ಎಣ್ಣೆ ತಾಗದ ತುಟಿ ಒಣಗಿ ಗಟ್ಟಿಯಾಗುತ್ತದೆ. ತೊಗಲಿನ ಸೀಲಿರುವ ಇನ್ನೂ ಹಳೆಯ ಗಾಡಿಗಳಲ್ಲಿ ಇದು ಬೇಗ. ಆಗಾಗ ಗೇರ್ ಬಾಕ್ಸ್ ಬಿಸಿಯಾಗುವಷ್ಟು ದೂರ ಓಡಿಸಿ.

ನೀವೇ ಬಿಚ್ಚುವುದು ಸಾಧ್ಯವಾಗದಿದ್ದರೆ, ಮೆಕ್ಯಾನಿಕ್ ಹೊಸ ಸೀಲ್ ಹಾಕುವ ಮೊದಲು ಪಕ್ಕದಲ್ಲಿ ನಿಂತು ಯೋಕನ್ನು ಕೈಗೆ ಕೊಡಿ ಎನ್ನಿ. ಉಗುರು ಎಳೆದು ನೋಡಿ, ಬುಶ್ಶಿನ ಆಟ ನೋಡಿ. ಕಾರಣ ಸಿಕ್ಕಿದ್ದರೆ ಆ ಕೆಲಸವನ್ನೂ ಇದೇ ಸಲ ಮಾಡಿಸಿ. ಎರಡು ದಿನ ತಡವಾದರೂ ಚಿಂತೆಯಿಲ್ಲ, ಗಾಡಿ ಮತ್ತೆ ಅದೇ ಕೆಲಸಕ್ಕೆ ಸ್ಟ್ಯಾಂಡ್ ಏರಬೇಕಾಗುವುದಿಲ್ಲ.