ಮೊರದ ಕಿವಿಗೆ ಮುಂಬಯಿಯ ಹೊಲಿಗೆ

ಶೂರ್ಪಕರ್ಣ, ಅಂದರೆ ಮೊರದಂಥ ಕಿವಿಯವನು ಎಂದು ಹೆಸರಿರುವ ಗಣಪತಿಗೆ ಹತ್ತು ದಿನ ಕೈಮುಗಿಯುವ ಊರು ಮುಂಬಯಿ. ಅದೇ ಊರಿನ ಶಾಲೆಯಲ್ಲಿ ಕಿವಿ ಹೊರಚಾಚಿದ ಹುಡುಗನೊಬ್ಬ ಕೂತರೆ ಹಿಂದಿನ ಬೆಂಚಿನವನು ಟಪ್ಪೆಂದು ಬೆರಳಲ್ಲಿ ಬಡಿಯುತ್ತಾನೆ. ಬಾಂದ್ರಾ, ಅಂಧೇರಿಯ ಕ್ಲಿನಿಕ್ಕುಗಳಲ್ಲಿ ಸಿಗುವ ಓಟೋಪ್ಲಾಸ್ಟಿ, ಅಂದರೆ ಚಾಚಿದ ಕಿವಿಯನ್ನು ಹಿಂದಕ್ಕೆ ಕೂರಿಸುವ ಶಸ್ತ್ರಚಿಕಿತ್ಸೆ, ಆ ಪೆಟ್ಟಿಗೆ ಮದ್ದು.

ಕಸುಬಾಗಿ ನೋಡಿದರೆ ಅಚ್ಚುಕಟ್ಟಾದ ಕೆಲಸವೇ. ಕಿವಿಯಲ್ಲಿ ಮೂಡಬೇಕಾದ ಮಡಿಕೆ ಮೂಡಿರುವುದಿಲ್ಲ, ಇಲ್ಲವೆ ನಡುವಿನ ಬಟ್ಟಲು ಆಳವಾಗಿರುತ್ತದೆ; ಎರಡೂ ಇರುವುದುಂಟು. ಕಿವಿಯ ಹಿಂದೆ ಕೊಯ್ದು, ಮೃದ್ವಸ್ಥಿಗೆ ಹೊಲಿಗೆ ಹಾಕಿ ಮಡಿಕೆ ಮೂಡಿಸುವ ಕ್ರಮವನ್ನು ಮುಸ್ಟಾರ್ಡೆ ಎಂಬ ಸರ್ಜನ್ 1963ರಲ್ಲಿ ಪ್ರಕಟಿಸಿದ. ಬಟ್ಟಲನ್ನು ಹಿಂದಕ್ಕೆ ಬಿಗಿಯುವ ಹೊಲಿಗೆ ಫರ್ನಾಸ್ ಎಂಬ ಇನ್ನೊಬ್ಬ ಸರ್ಜನ್‌ನದು, 1968ರದು. ಇವತ್ತಿಗೂ ಬಹುಪಾಲು ಸರ್ಜನ್ನರ ದಾರ ಇದೇ ಜಾಡಿನಲ್ಲಿ ಓಡುತ್ತದೆ. ಗಾಯದ ಗೆರೆ ಕಿವಿಯ ಬೆನ್ನಿಗೆ ಅಡಗಿಕೊಳ್ಳುತ್ತದೆ.

ಮುಂಬಯಿಗೆ ಕಿವಿಯ ವಿಷಯದಲ್ಲಿ ಇನ್ನೂ ದೊಡ್ಡ ಹೆಸರೊಂದಿದೆ. ಜೆ.ಜೆ. ಆಸ್ಪತ್ರೆಯ ಡಾ. ಎನ್.ಎಚ್. ಅಂಟಿಯಾ 1967ರಲ್ಲಿ ಬುಚ್ ಅವರ ಜೊತೆ ಸೇರಿ, ಅಂಚು ಕಳೆದುಕೊಂಡ ಕಿವಿಗೆ ಉಳಿದ ಅಂಚನ್ನೇ ಸರಿಸಿ ತುಂಬುವ ವಿಧಾನ ಬರೆದರು. ಅದು ಇಂದಿಗೂ ಅವರಿಬ್ಬರ ಹೆಸರಿನಲ್ಲೇ ಇದೆ. ಕುಷ್ಠ ವಾಸಿಯಾದ ಮೇಲೂ ಮುಖ ಕಂಡೊಡನೆ ಜನ ದೂರ ಸರಿಯುತ್ತಿದ್ದ ಕಾಲದಲ್ಲಿ ಅಂಥವರ ಮುಖ, ಕೈ ಸರಿಪಡಿಸಿದವರು ಅಂಟಿಯಾ. ವೈದ್ಯವೃತ್ತಿ ವ್ಯಾಪಾರವಾಗುವುದನ್ನು ಕಟುವಾಗಿ ಟೀಕಿಸಿದವರೂ ಅವರೇ. ಹಾಗೆಂದು ಕಿವಿ ಹೊಲಿಸಿಕೊಳ್ಳುವುದನ್ನು ಬರೀ ಶೋಕಿ ಎಂದು ತಳ್ಳಿಹಾಕಲಾರೆ. ನಾಲ್ಕು ಜನರ ನೋಟ ತಾಗಿದಾಗ ಆಗುವ ನೋವು, ಪ್ರಮಾಣ ಬೇರೆಯಾದರೂ, ಜಾತಿಯಲ್ಲಿ ಒಂದೇ.

ನನ್ನ ತಕರಾರು ಈ ಶಸ್ತ್ರಚಿಕಿತ್ಸೆಯನ್ನು ಮಾರುವ ರೀತಿಯ ಮೇಲೆ. 2002ರ ವೈದ್ಯಕೀಯ ನೀತಿಸಂಹಿತೆ ಜಾಹೀರಾತಿನಿಂದ ರೋಗಿಗಳನ್ನು ಸೆಳೆಯಬಾರದೆನ್ನುತ್ತದೆ. ‘ಮುಂಚೆ–ಆಮೇಲೆ’ ಫೋಟೋಗಳು ಮಾತ್ರ ಮೊಬೈಲಿನಲ್ಲಿ ಬೇಡವೆಂದರೂ ಬರುತ್ತವೆ. ಆ ಎರಡು ಫೋಟೋಗಳ ನಡುವಿನ ದಿನಗಳು ಎಲ್ಲಿ? ತಲೆಗೆ ಪಟ್ಟಿ, ಆಮೇಲೆ ವಾರಗಟ್ಟಲೆ ರಾತ್ರಿ ಹೆಡ್‌ಬ್ಯಾಂಡ್, ಅದೂ ಮುಂಬಯಿಯ ಬೆವರಿನಲ್ಲಿ. ರಕ್ತ ಹೆಪ್ಪುಗಟ್ಟಬಹುದು, ಕೀವಾಗಬಹುದು, ಹೊಲಿಗೆ ಸಡಿಲಿ ಕಿವಿ ಮತ್ತೆ ಚಾಚಬಹುದು. ಗಾಯ ಉಬ್ಬಿ ಕೆಲಾಯ್ಡ್ ಆಗುವ ಪ್ರವೃತ್ತಿ ನಮ್ಮಂಥ ಕಂದು ಚರ್ಮಕ್ಕೆ ಹೆಚ್ಚು. ಅಂದಕ್ಕಾಗಿ ಮಾಡಿಸಿದ್ದಕ್ಕೆ ಆರೋಗ್ಯ ವಿಮೆ ದುಡ್ಡು ಕೊಡುವುದಿಲ್ಲ.

ಐದಾರು ವರ್ಷಕ್ಕೆ ಕಿವಿ ಹೆಚ್ಚುಕಡಿಮೆ ಪೂರ್ತಿ ಬೆಳೆದಿರುತ್ತದೆ, ಆದ್ದರಿಂದ ಆ ವಯಸ್ಸಿನಲ್ಲೇ ಮಾಡಬಹುದು. ಮಾಡಬಹುದು ಅಷ್ಟೆ. ಮಗು ತಾನಾಗಿ ಬಂದು ದೂರದಿದ್ದರೆ, ಅಮ್ಮನ ಕಣ್ಣಿಗೆ ಸರಿಕಾಣದ ಒಂದೇ ಕಾರಣಕ್ಕೆ ಅದನ್ನು ಅರಿವಳಿಕೆಯ ಮೇಜಿಗೆ ಮಲಗಿಸುವುದು ತಪ್ಪು. ಬುದ್ಧಿ ಬಲಿತ ಮೇಲೆ ತಾನೇ ಬೇಕೆಂದವರು ಮಾಡಿಸಿಕೊಳ್ಳಲಿ, ಎಂ.ಸಿಎಚ್. ಅಥವಾ ಡಿಎನ್‌ಬಿ ಪ್ಲಾಸ್ಟಿಕ್ ಸರ್ಜರಿ ಎಂಬ ಪದವಿ ಬೋರ್ಡಿನಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಲಿ.

ಇನ್ನು ಹಸುಗೂಸಿನ ಮಾತೇ ಬೇರೆ: ಹುಟ್ಟಿದ ಮೊದಲ ಕೆಲವು ವಾರ ಮಗುವಿನ ಕಿವಿ ಮೇಣದಷ್ಟು ಮೆದು. ಆಗ ಅಚ್ಚು ಕೂರಿಸಿ ಟೇಪು ಸುತ್ತಿದರೆ ಎಷ್ಟೋ ಕಿವಿಗಳು ಕತ್ತಿ ಸೋಕದೆಯೇ ಸರಿಹೋಗುತ್ತವೆ. ಹೆರಿಗೆ ಆಸ್ಪತ್ರೆಯಿಂದ ಹೊರಡುವ ಮುಂಚೆ ಮಕ್ಕಳ ಡಾಕ್ಟರನ್ನು ಒಮ್ಮೆ ಕೇಳಿ ನೋಡಿ.