ದೇವಶಾಸ್ತ್ರ, ಧರ್ಮಪ್ರಚಾರ ಮತ್ತು ಹಾರೋಬೆಲೆಯ ‘ಮಹಿಮೆ’

ಕನ್ನಡದಲ್ಲಿ ಮಿಶನರಿಗಳನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ನಿಘಂಟು, ವ್ಯಾಕರಣ, ಮುದ್ರಣ, ಪತ್ರಿಕೆಗಳ ಸುತ್ತಲೇ ಬೆಳೆದಿವೆ. 1894ರ ಕಿಟೆಲ್ ನಿಘಂಟು ನಮಗೆ ಬೇಕು. ಅದನ್ನು ರಚಿಸಿದವರು ಬಾಸೆಲ್‌ನಲ್ಲಿ ಕಲಿತ ದೇವಶಾಸ್ತ್ರ ಬೇಡ. ಕೃತಜ್ಞತೆಯಂತೆ ಕಾಣುವ ಈ ಆಯ್ಕೆ ವಿಮರ್ಶೆಯ ದೃಷ್ಟಿಯಿಂದ ಅರೆಕೊರೆಯಾದುದು. ಪಾದ್ರಿಗಳು ಗುರುಮಠದಲ್ಲಿ ಕಲಿತ ತತ್ತ್ವವನ್ನು ಸಿದ್ಧವಸ್ತುವಾಗಿ ಹಳ್ಳಿಗೆ ತಂದು ಹಂಚಿದರೆಂಬ ಗ್ರಹಿಕೆ ಇದರ ಹಿಂದಿದೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ಒಗ್ಗೂಡಿದ ನಾಲ್ಕು ತಾಲೂಕುಗಳ ಪೈಕಿ ಕನಕಪುರ ಸೀಮೆಯ ಸಾಮಗ್ರಿಯಾದರೂ ಈ ಗ್ರಹಿಕೆಗೆ ಒಗ್ಗುವುದಿಲ್ಲ.

17ನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಶನ್ನನ್ನು ಆರಂಭಿಸಿದ ಯೇಸುಸಭೆಯ ಲಿಯೊನಾರ್ದೊ ಚಿನ್ನಮಿ, ಮಧುರೆಯ ರಾಬರ್ಟ್ ಡಿ ನೊಬಿಲಿಯ ಮಾದರಿಯಲ್ಲಿ ಸಂನ್ಯಾಸಿಯ ವೇಷ, ಆಹಾರಗಳನ್ನು ಅಳವಡಿಸಿಕೊಂಡವರು. ಅವರು ಕನ್ನಡ ವ್ಯಾಕರಣ, ನಿಘಂಟುಗಳ ಜೊತೆಗೆ ಧರ್ಮೋಪದೇಶವನ್ನೂ ಸಂತರ ಚರಿತ್ರೆಗಳನ್ನೂ ಬರೆದರು. ಈ ಎರಡು ಬಗೆಯ ಬರಹಗಳನ್ನು ಬೇರ್ಪಡಿಸಿ ಓದಲಾಗದು. ಕಥೋಲಿಕರು ಬಳಸುವ ‘ವರಪ್ರಸಾದ’, ‘ಸತ್ಪ್ರಸಾದ’ಗಳನ್ನು ಪ್ರೊಟೆಸ್ಟಂಟರ ‘ಕೃಪೆ’ಯೊಡನೆ ಇಟ್ಟು ನೋಡಬೇಕು. ಕೃಪೆ ದೇವರ ಮನೋಭಾವ. ಪ್ರಸಾದವಾದರೋ ಕೈಯೊಡ್ಡಿ ಪಡೆದು ಉಣ್ಣುವಂಥದು. ಅನುಗ್ರಹವು ಸಂಸ್ಕಾರಗಳ ಮೂಲಕ, ವಸ್ತುರೂಪದಲ್ಲಿ ದೊರೆಯುತ್ತದೆಂಬ ಕಥೋಲಿಕ ನಿಲುವೇ ಈ ಪದದಲ್ಲಿದೆ. ನಿಘಂಟುಕಾರನ ಅನುವಾದ ಎಂದಷ್ಟೇ ಹೇಳಿದರೆ ಇದು ಕೈತಪ್ಪುತ್ತದೆ.

ಅರ್ಕಾವತಿಯ ದಂಡೆಯ ಹಾರೋಬೆಲೆಯಲ್ಲಿ ಕ್ರಿಸ್ತನ ಯಾತನೆಯ ಕಥೆಯನ್ನು ಊರವರೇ ಆಡುವ ನಾಟಕದ ಹೆಸರು ‘ಮಹಿಮೆ’. ಯಾತನೆಯ ಕಥೆಗೆ ಈ ಹೆಸರೇಕೆ? ಯೊವಾನ್ನರ ಶುಭಸಂದೇಶದಲ್ಲಿ ಶಿಲುಬೆಗೇರುವುದೇ ಕ್ರಿಸ್ತನ ಮಹಿಮೆ ಬೆಳಗುವ ಗಳಿಗೆ. ಅದೇ ಸೀಮೆಯಿಂದ ಶಿವರಾತ್ರಿಯ ಹೊತ್ತಿಗೆ ಭಕ್ತರು ಸಂಗಮದ ಬಳಿ ಕಾವೇರಿ ದಾಟಿ ಮಾದಪ್ಪನ ಬೆಟ್ಟಕ್ಕೆ ನಡೆಯುತ್ತಾರೆ; ಕಂಸಾಳೆಯವರು ಮಾದಪ್ಪನ ಮಹಿಮೆ ಹಾಡುತ್ತಾರೆ. ಕ್ರೈಸ್ತರ ತಪಸ್ಸುಕಾಲವೂ ಬಹುತೇಕ ಅದೇ ದಿನಗಳಲ್ಲಿ ಮೊದಲಾಗುತ್ತದೆ. ಹೆಸರಿಟ್ಟವರ ಮನಸ್ಸಿನಲ್ಲಿ ಯಾವುದಿತ್ತೆಂಬ ಪ್ರಶ್ನೆ ನನಗೆ ಮುಖ್ಯವಲ್ಲ. ಕೇಳುಗರ ಕಿವಿಯಲ್ಲಿ ಎರಡೂ ಕೂಡಿಕೊಂಡಿವೆ. ಗುರುಮಠದ ಪಾಠ ತಲುಪದ ಅರ್ಥವೊಂದು ಹೀಗೆ ರಂಗದ ಮೇಲೆ ಹುಟ್ಟಿತು. ಜಾನಪದ ವಿದ್ವಾಂಸರು ಇಂಥದಕ್ಕೆ ‘ದೇಶೀಕರಣ’ವೆಂಬ ಚೀಟಿ ಅಂಟಿಸಿ ಮುಂದೆ ಸಾಗುತ್ತೇವೆ; ನಾನೂ ಹಾಗೆ ಮಾಡಿದ್ದುಂಟು.

ಆದರೆ ಈ ಹೊಂದಾಣಿಕೆಗೆ ಇನ್ನೊಂದು ಮುಖವಿದೆ. ಜಾತಿಯನ್ನು ಲೌಕಿಕ ಆಚಾರವೆಂದು ಪರಿಗಣಿಸಿ ಧರ್ಮದಿಂದ ಬೇರ್ಪಡಿಸಿದ್ದು ಡಿ ನೊಬಿಲಿ ಪಂಥದ ದೇವಶಾಸ್ತ್ರೀಯ ತೀರ್ಮಾನವೇ. ಅದರಿಂದಾಗಿ ಮೇಲುಜಾತಿಯವರಿಗೂ ಕೆಳಜಾತಿಯವರಿಗೂ ಬೇರೆಬೇರೆ ಪಾದ್ರಿಗಳಾದರು. ರೋಮಿನಲ್ಲಿ ದಶಕಗಳ ಕಾಲ ನಡೆದ ವಾದಕ್ಕೆ 1744ರಲ್ಲಿ 14ನೆಯ ಬೆನೆಡಿಕ್ಟ್ ಪೋಪರ ಆಜ್ಞೆ ತೆರೆಯೆಳೆಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ (1962-65) ಸ್ಥಳೀಯ ಸಂಸ್ಕೃತಿಗಳಿಗೆ ಮತ್ತೆ ಬಾಗಿಲು ತೆರೆಯಿತು. ಬೆಂಗಳೂರಿನಲ್ಲಿ 1967ರಲ್ಲಿ ಅದಕ್ಕೆಂದೇ ಕೇಂದ್ರವೂ ಸ್ಥಾಪನೆಯಾಯಿತು. ಅಲ್ಲಿ ಬೆಳೆದ ಚಿಂತನೆಯನ್ನು ದಲಿತ ದೇವಶಾಸ್ತ್ರಜ್ಞರು ಟೀಕಿಸಿದ್ದು ಈ ಹಳೆಯ ತೀರ್ಮಾನದ ನೆನಪಿನಿಂದಲೇ. ಯಾರ ಸಂಸ್ಕೃತಿಗೆ ಹೊಂದಿಕೊಳ್ಳುವುದು ಎಂಬುದು ಅವರ ಪ್ರಶ್ನೆ.

ಹಾರೋಬೆಲೆಯತ್ತ ನಾಡಿನ ಗಮನ ಹರಿದದ್ದು 2019ರಲ್ಲಿ, ಕಪಾಲಬೆಟ್ಟದ ಯೇಸುಪ್ರತಿಮೆಯ ವಿವಾದದಿಂದ. ಆಗ ಪ್ರತಿಮೆಯ ಎತ್ತರ, ಭೂಮಿಯ ಒಡೆತನಗಳೇ ಚರ್ಚೆಯ ಮುಂದೆ ನಿಂತವು. ‘ಮಹಿಮೆ’ಯ ಹಾಡು, ಮಾತುಗಳನ್ನು ಧರ್ಮೋಪದೇಶದ ಪುಸ್ತಕಗಳೊಡನೆ ಸಾಲುಸಾಲಾಗಿ ಹೋಲಿಸುವ ಕೆಲಸಕ್ಕೆ ಬೇಕಾದ ಸಂಶೋಧಕ, ಲ್ಯಾಟಿನ್ನನ್ನೂ ಕಂಸಾಳೆಯ ಮಟ್ಟನ್ನೂ ಬಲ್ಲವನಾಗಿರಬೇಕು.